ಒಳಗೆ ಬಿಟ್ಟ ಬಟ್ಟೆ

ಮೈಸೂರಿನ ಡಾಕ್ಟರು ಎರಡು ಚಿತ್ರ ಬರೆದುಕೊಟ್ಟಿದ್ದಾರೆ
ಔಷಧಿ ಚೀಟಿಯ ಬೆನ್ನಿಗೆ, ನೀಲಿ ಪೆನ್ನಿನಲ್ಲಿ.
ಒಂದರಲ್ಲಿ ಸ್ನಾಯುವಿನ ಗೆರೆಯ ಮೇಲೆ ಅರ್ಧಚಂದ್ರ,
ಇನ್ನೊಂದರಲ್ಲಿ ಅದೇ ಚಂದ್ರ, ಗೆರೆಯ ಕೆಳಗೆ.
ಚಿಲ್ಲರೆ ಚೀಲದಲ್ಲಿ, ಯಾರೋ ದಾಟಿಸಿದ ಹರಕು ಐವತ್ತರ ಪಕ್ಕ
ಹನ್ನೊಂದು ದಿನದಿಂದ ಆ ಚೀಟಿ
ವಿರಾಜಪೇಟೆಯಿಂದ ಮೈಸೂರಿಗೆ, ಮೈಸೂರಿನಿಂದ ವಿರಾಜಪೇಟೆಗೆ
ಟಿಕೆಟಿಲ್ಲದೆ ಓಡಾಡುತ್ತಿದೆ.

ಮೊದಲು ತೋರಿಸಿದ ಡಾಕ್ಟರು ಕೇಳಿದ್ದರು:
ಯಜಮಾನರು ಒಪ್ಪಿದ್ದಾರಾ?
ಯಜಮಾನರಿಗೆ ಮೂರ್ನಾಡಿನಲ್ಲಿ ಬೇರೆ ಮನೆಯಿದೆ, ಬೇರೆ ಟಿವಿಯಿದೆ.
ಹಣ ನನ್ನದು, ನಲವತ್ತು ಕಂತಿನ ಚೀಟಿ ಹಣ.
ಕಾರಣವೂ ನನ್ನದೇ.
ಅದಕ್ಕೆ ರಸೀದಿ ಹರಿಯುವುದಿಲ್ಲ.

ಈ ಡಾಕ್ಟರಮ್ಮ ಕೇಳಿದ್ದು ಬೇರೆ.
ಎದೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದರು,
ಅವರೆಕಾಯಿ ಬಲಿತಿದೆಯೇ ಎಂದು ನೋಡುವ ಹಾಗೆ.
ಮೇಲಿಟ್ಟರೆ ನೋವು ಕಮ್ಮಿ, ಬೇಗ ಎದ್ದು ಓಡಾಡಬಹುದು,
ಆದರೆ ನೀವು ತೆಳ್ಳಗೆ; ಅಂಚು ಕಂಡೀತು, ನೆರಿಗೆ ಕಂಡೀತು.
ನೆರಿಗೆಯನ್ನು ಬೆನ್ನ ಹಿಂದೆ ಹಾಕಿಕೊಳ್ಳುವ ಜನ ನಾವು, ಎಂದೆ.
ನಕ್ಕರು. ನಗು ಮುಗಿಸಿ,
ಕೆಳಗಿಟ್ಟರೆ ಇಳಿಜಾರು ಚೆನ್ನಾಗಿ ಕೂರುತ್ತದೆ,
ಆರು ವಾರ ಭಾರ ಎತ್ತುವಂತಿಲ್ಲ,
ಆಮೇಲೂ ಕೈ ಬಲವಾಗಿ ಒತ್ತಿದಾಗ ಒಂದಿಷ್ಟು ಜರುಗುತ್ತದೆ.
ನಿಮ್ಮ ಕೈಗೆ ಏನೇನು ಕೆಲಸ?

ಕಂಬಿ, ಎಂದೆ. ದಿನಕ್ಕೆ ಎಂಟು ಗಂಟೆ.
ಯಂತ್ರ, ಚೀಲ, ಬಾಗಿಲು, ಮೇಲಿನಿಂದ ಜಾರುವ ಮೂಟೆಗಳು.
ವರ್ಷಕ್ಕೊಮ್ಮೆ, ಕೈಲ್‌ಪೊಳ್ದಿಗೆ, ಕೋವಿ.
ಕೋವಿಯನ್ನೂ ಬರೆದುಕೊಂಡರು.

ತಿತಿಮತಿ ದಾಟಿ ಕಾಡಿನ ತಿರುವಿನಲ್ಲಿ ಬಸ್ಸು ವಾಲಿದಾಗ
ಬಲಗೈ ಕಂಬಿಯಲ್ಲಿ, ಎಡಗೈ ಚೀಲದ ಪಟ್ಟಿಯ ಅಡಿಯಲ್ಲಿ.
ಬೆರಳಿಗೆ ಸಿಕ್ಕಿತು, ಹಗ್ಗದ ಹಾಗೆ ಬಿಗಿದು ಸಡಿಲುವ ಆ ಮಾಂಸ.
ಹದಿನಾರು ವರ್ಷ ನನ್ನನ್ನು ನಿಲ್ಲಿಸಿದ್ದು ಇದು.
ಮೂರನೇ ಗುಂಡಿಗೆ ತೆಂಗಿನಕಾಯಿ ಚೂರಾದ ದಿನ
ಕೋವಿಯ ಒದೆತ ತಿಂದು ನಾಲ್ಕು ದಿನ ನೇರಳೆಯಾದದ್ದು ಇದು.
ಇದನ್ನು ಎಬ್ಬಿಸಿ, ಕೆಳಗೊಬ್ಬ ಹೊಸಬನನ್ನು ಕೂರಿಸಬೇಕೆ?
ಸೀಟು ಬಿಟ್ಟುಕೊಡಿ ಎಂದು
ಯಾವ ಬಾಯಲ್ಲಿ ಹೇಳಲಿ?
ಹಿಂದಿನ ಸೀಟಿನಿಂದ ಯಾರೋ ಕೂಗಿದರು,
ಮೇಡಂ, ಪಂಚವಳ್ಳಿ ಒಂದು.

ಗೋಣಿಕೊಪ್ಪದಲ್ಲಿ ಹತ್ತು ನಿಮಿಷ ನಿಲುಗಡೆ.
ಬಸ್‌ಸ್ಟ್ಯಾಂಡಿನ ಹಿಂದೆ, ಮೆಟ್ಟಿಲು ಹತ್ತಿದರೆ ಸುಹರಾಳ ಹೊಲಿಗೆ ಅಂಗಡಿ.
ಬಾಳೆಲೆಯ ಮದುವೆಗೆ ರವಿಕೆ. ಅಳತೆ ಟೇಪು ತಣ್ಣಗೆ ಸುತ್ತಿತು.
ಮೂವತ್ತೆರಡು, ಎಂದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.
ಕಪ್ ಎಲ್ಲಿಡಲಿ ಚೋಂದಕ್ಕ,
ಅಸ್ತರಿನ ಮೇಲೋ, ಕೆಳಗೋ?
ಮೇಲಿಟ್ಟರೆ ಸಂಜೆಗೇ ಕೊಡುತ್ತೇನೆ, ಆದರೆ ಅಂಚು ಎದ್ದು ಕಾಣುತ್ತದೆ.
ಕೆಳಗಾದರೆ ಚಂದ, ಕೈ ಎತ್ತಿದರೆ ಮಾತ್ರ
ಒಂಚೂರು ಮೇಲೆ ಬರುತ್ತದೆ.

ನಾನು ನಕ್ಕ ನಗುವಿಗೆ ಟೇಪು ಜಾರಿ ನೆಲಕ್ಕೆ ಬಿತ್ತು.
ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವಳು ಕಾದಳು.
ಕಪ್ ಬೇಡ, ಎಂದೆ, ಈ ಸಲ ಬೇಡ.

ಸುಹರಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು,
ನಂತರ ಕನ್ನಡಿ ಬಿಟ್ಟು ನನ್ನನ್ನೇ.
ಇಪ್ಪತ್ತು ವರ್ಷ ಹೆಂಗಸರ ಅಂಕೆಗಳನ್ನು ಬರೆದಿಟ್ಟವಳು,
ಒಂದನ್ನೂ ಇನ್ನೊಬ್ಬಳಿಗೆ ಓದಿ ಹೇಳದವಳು.
ಸೂಜಿ ತೆಗೆದಿಟ್ಟು, ಮೆಲ್ಲಗೆ:
ಎರಡೂ ಪಕ್ಕ ಒಂದೂವರೆ ಇಂಚು ಒಳಗೆ ಬಟ್ಟೆ ಬಿಟ್ಟಿರುತ್ತೇನೆ.
ಬೇಕಾದಾಗ ತಂದುಕೊಡಿ, ಬಿಚ್ಚಿಕೊಡುತ್ತೇನೆ.

ಅವಳ ಸೀಮೆಸುಣ್ಣದ ಚೂರು ತೆಗೆದುಕೊಂಡು
ಚೀಟಿಯಲ್ಲಿ ಮೇಲಿನ ಚಂದ್ರನನ್ನು ಒಂದೇ ಎಳೆತಕ್ಕೆ ಹೊಡೆದುಹಾಕಿದೆ.
ಈ ವರ್ಷ ತೆಂಗಿನಕಾಯಿ ಬೇರೆ ಯಾರಾದರೂ ಒಡೆಯಲಿ.
ಡಿಪೋದ ಅರ್ಜಿಯಲ್ಲಿ ಆರು ವಾರ,
ಕಾರಣ ಎಂಬಲ್ಲಿ: ಸ್ವಂತ ಕೆಲಸ.

ಕೆಳಗೆ ಡ್ರೈವರು ಎರಡನೇ ಸಲ ಹಾರ್ನ್ ಒತ್ತಿದರು.
ಇಳಿಯುತ್ತಾ ನೋಡಿಕೊಂಡೆ,
ಖಾಕಿ ಎದೆಯ ಮೇಲೆ ಸುಣ್ಣದ ಐದು ಬೆರಳು.
ಒರೆಸಲು ಹೋಗಲಿಲ್ಲ. ಸೀಟಿ ಊದಿದೆ.